ಬೀಗದ ಕೈ ಯಾರಿಗೆ, ಬಾಗಿಲು ಎಷ್ಟಗಲ? ಬ್ರಿಟನ್ನಿನ ಕೌನ್ಸಿಲ್ ಮನೆಗಳನ್ನು ಅರ್ಥ ಮಾಡಿಕೊಳ್ಳೋಣ

2025ರ ಜೂನ್‌ನಲ್ಲಿ ಬ್ರಿಟನ್ ಸರ್ಕಾರ ಒಂದು ದೊಡ್ಡ ಘೋಷಣೆ ಮಾಡಿತು. ಇಂಗ್ಲೆಂಡಿನಲ್ಲಿ ಕೈಗೆಟುಕುವ ಮನೆಗಳನ್ನು ಕಟ್ಟಲು ಹತ್ತು ವರ್ಷಕ್ಕೆ 3,900 ಕೋಟಿ ಪೌಂಡ್ ಕೊಡುತ್ತೇವೆ ಅಂತ. ಮುಂದಿನ ತಿಂಗಳು ಗುರಿಯನ್ನೂ ಹೇಳಿತು, ಸುಮಾರು 3 ಲಕ್ಷ ಮನೆ. ಅದರಲ್ಲಿ ಕನಿಷ್ಠ ನೂರಕ್ಕೆ 60 'ಸೋಶಿಯಲ್ ರೆಂಟ್' ಮನೆಗಳು, ಅಂದರೆ ಸರ್ಕಾರದ ಸೂತ್ರದ ಪ್ರಕಾರ ಕಡಿಮೆ ಬಾಡಿಗೆಯ ಮನೆಗಳಾಗಿರಬೇಕು ಅಂತ ಕೂಡ ಹೇಳಿದರು. ಅಲ್ಲಿಂದ ಶುರುವಾಯಿತು ನೋಡಿ, ಕೌನ್ಸಿಲ್ ಹೌಸಿಂಗ್, ಸೋಶಿಯಲ್ ಹೌಸಿಂಗ್, ಅಫೋರ್ಡಬಲ್ ಹೌಸಿಂಗ್ ಅಂತ ಸುದ್ದಿಯಲ್ಲೆಲ್ಲ ಇದೇ ಮಾತು. ಮಕ್ಕಳು ಅಲ್ಲಿ ಓದುತ್ತಿರುವವರು, ಅಲ್ಲಿ ಕೆಲಸದಲ್ಲಿರುವ ನೆಂಟರಿಷ್ಟರ ಬಾಯಲ್ಲಿ ಈ ಪದಗಳನ್ನು ಕೇಳಿದವರು ತಲೆ ಕೆರೆದುಕೊಳ್ಳುವುದು ಸಹಜ. ಮೂರೂ ಒಂದೇನಾ? ಇಂಥ ಮನೆ ಕಟ್ಟಿದರೆ ಸಮಾನತೆ ಬರುತ್ತದೆ ಅಂತಲೂ ಅನ್ನುತ್ತಾರೆ, ಅದು ಹೇಗೆ?

ಇದು ಇಟ್ಟಿಗೆ ಸಿಮೆಂಟಿನ ವಿಷಯ ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಬಾಡಿಗೆ ಲೆಕ್ಕ ಹಾಕುವ ರೀತಿ, ಬೀಗದ ಕೈ ಯಾರಿಗೆ ಅಂತ ತೀರ್ಮಾನಿಸುವ ನಿಯಮ, ಬಾಗಿಲಿನ ಅಗಲ, ಈ ಮೂರು ಸಣ್ಣ ಸಣ್ಣ ಸಂಗತಿಗಳಲ್ಲೇ ಎಲ್ಲ ಅಡಗಿದೆ. ಒಂದೊಂದಾಗಿ ಬಿಡಿಸೋಣ.

ಕೌನ್ಸಿಲ್ ಮನೆ ಅಂದರೆ ಏನು?

ಬ್ರಿಟನ್ನಿನಲ್ಲಿ ಕೌನ್ಸಿಲ್ ಅಂದರೆ ಸ್ಥಳೀಯ ಆಡಳಿತ. ಕಸ ಎತ್ತಿಸುವುದರಿಂದ ಹಿಡಿದು ಲೈಬ್ರರಿ ನಡೆಸುವವರೆಗೆ ಅದರ ಕೆಲಸ. ಈ ಕೌನ್ಸಿಲ್ ತಾನೇ ಮಾಲೀಕನಾಗಿ ಬಾಡಿಗೆಗೆ ಕೊಡುವ ಮನೆಯೇ ಕೌನ್ಸಿಲ್ ಮನೆ. ಸರ್ಕಾರ ಮನೆ ಕಟ್ಟಿಸಿ ಬಡವರ ಹೆಸರಿಗೆ ಬರೆದುಕೊಡುವ ಯೋಜನೆ ಇದಲ್ಲ. ಬಾಡಿಗೆ ಪ್ರತಿ ತಿಂಗಳೋ ವಾರವೋ ಕಟ್ಟಲೇಬೇಕು. ಆದರೆ ಆ ಬಾಡಿಗೆ ಕಡಿಮೆ, ಮನಬಂದಂತೆ ಏರಿಸುವಂತಿಲ್ಲ, ಸರಿಯಾದ ಕಾರಣ ಇಲ್ಲದೆ ಬಿಡಿಸುವಂತೆಯೂ ಇಲ್ಲ.

ಕೌನ್ಸಿಲ್ ಅಲ್ಲದೆ 'ಹೌಸಿಂಗ್ ಅಸೋಸಿಯೇಷನ್' ಅನ್ನುವ ಸಂಸ್ಥೆಗಳೂ ಇದೇ ತರಹದ ಮನೆ ಕೊಡುತ್ತವೆ. ಇವುಗಳಲ್ಲಿ ಹೆಚ್ಚಿನವು ಲಾಭಕ್ಕಾಗಿ ನಡೆಯುವಂಥವಲ್ಲ. ಇವೆರಡನ್ನೂ ಸೇರಿಸಿ 'ಸೋಶಿಯಲ್ ಹೌಸಿಂಗ್' ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಒಟ್ಟು ಸುಮಾರು 40 ಲಕ್ಷ ಇಂಥ ಮನೆಗಳಿವೆ. ಅಂದಾಜು ಆರು ಕುಟುಂಬದಲ್ಲಿ ಒಂದು ಇವುಗಳಲ್ಲಿ ವಾಸ ಮಾಡುತ್ತಿದೆ.

ಸ್ವಲ್ಪ ಹಿಂದಕ್ಕೆ ಹೋಗೋಣ

ಲಂಡನ್ನಿನ ಪೂರ್ವ ಭಾಗದಲ್ಲಿ 'ಓಲ್ಡ್ ನಿಕಲ್' ಅಂತ ಒಂದು ಕೊಳೆಗೇರಿ ಇತ್ತು. 1890ರ ಕಾನೂನಿನ ಬಲದ ಮೇಲೆ ಅದನ್ನು ಪೂರ್ತಿ ಕೆಡವಿ, ಅಲ್ಲಿ 'ಬೌಂಡರಿ ಎಸ್ಟೇಟ್' ಅನ್ನುವ ಚೆಂದದ ಕೆಂಪಿಟ್ಟಿಗೆಯ ಮನೆಗಳನ್ನು ಕಟ್ಟಿದರು. 1900ರಲ್ಲಿ ಅದರ ಉದ್ಘಾಟನೆ ಆಯಿತು. ಬ್ರಿಟನ್ನಿನ ಮೊದಮೊದಲ ಕೌನ್ಸಿಲ್ ಬಡಾವಣೆಗಳಲ್ಲಿ ಅದೂ ಒಂದು, ಈಗಲೂ ನಿಂತಿದೆ. ಆದರೆ ಬಾಡಿಗೆ ಎಷ್ಟಿಟ್ಟರು ಅಂದರೆ, ಕೊಳೆಗೇರಿಯಲ್ಲಿದ್ದ ಸಾವಿರಾರು ಜನರಲ್ಲಿ ಬೆರಳೆಣಿಕೆಯಷ್ಟು ಜನ ಮಾತ್ರ ಹೊಸ ಮನೆಗೆ ಬರಲು ಸಾಧ್ಯವಾಯಿತು. ಗುಮಾಸ್ತರು, ಪೊಲೀಸರು, ಕಸುಬು ಬಲ್ಲ ಕೆಲಸಗಾರರು ಬಂದು ಸೇರಿಕೊಂಡರು. ಹಳಬರು ಪಕ್ಕದ ಕೇರಿಗಳಿಗೆ ಹೋಗಿ, ಅಲ್ಲಿ ಇನ್ನಷ್ಟು ಇಕ್ಕಟ್ಟು ಮಾಡಿಕೊಂಡರು. ಹೊಸ ಮನೆ ಕಟ್ಟಿದ ಮಾತ್ರಕ್ಕೆ ಬೇಕಾದವರಿಗೆ ಅದು ಸಿಗುವುದಿಲ್ಲ ಅನ್ನುವುದು ಮೊದಲ ಹೆಜ್ಜೆಯಲ್ಲೇ ಗೊತ್ತಾಗಿಹೋಯಿತು.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಇನ್ನೊಂದು ಕಾನೂನು ಬಂತು. ಅದನ್ನು ತಂದ ಸಚಿವ ಕ್ರಿಸ್ಟೋಫರ್ ಅಡಿಸನ್ ಹೆಸರಿನಿಂದ ಅಡಿಸನ್ ಕಾಯ್ದೆ ಅಂತಲೇ ಕರೆಯುತ್ತಾರೆ. ಮನೆ ಕಟ್ಟಿಸುವುದು ಕೌನ್ಸಿಲ್‌ಗಳ ಕರ್ತವ್ಯ ಅಂತಾಗಿದ್ದು, ಅದಕ್ಕೆ ಸರ್ಕಾರದ ಹಣ ಹರಿದಿದ್ದು ಇಲ್ಲಿಂದಲೇ.

ನನಗೆ ಈ ಕಥೆಯಲ್ಲಿ ಹೆಚ್ಚು ಇಷ್ಟವಾಗುವ ಮನುಷ್ಯ ಅನೈರಿನ್ ಬೆವನ್. ಗಣಿ ಕಾರ್ಮಿಕನ ಮಗ, ತಾನೂ ಗಣಿಯಲ್ಲಿ ದುಡಿದವನು. ಎರಡನೇ ಮಹಾಯುದ್ಧದ ನಂತರ ಆರೋಗ್ಯ ಸಚಿವನಾಗಿ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕಟ್ಟಿದವನು ಅಂತ ಎಲ್ಲರಿಗೂ ಗೊತ್ತು, ಆಗ ವಸತಿಯೂ ಅವನ ಕೈಯಲ್ಲೇ ಇತ್ತು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಅಲ್ಲಿಯವರೆಗೆ ಕೌನ್ಸಿಲ್ ಮನೆ 'ಕಾರ್ಮಿಕ ವರ್ಗಕ್ಕೆ' ಅಂತ ಕಾನೂನಿನಲ್ಲೇ ಬರೆದಿತ್ತು. 1949ರಲ್ಲಿ ಆ ಮಾತನ್ನು ತೆಗೆದುಹಾಕಿದರು. ವೈದ್ಯ, ಅಂಗಡಿಯವ, ಹೊಲದ ಕೂಲಿ ಎಲ್ಲರೂ ಒಂದೇ ಬೀದಿಯಲ್ಲಿ ಇರಬೇಕು ಅನ್ನುವುದು ಬೆವನ್ ಆಸೆ. ಮನೆಯೂ ಅಷ್ಟೇ, ಮೂರು ಮಲಗುವ ಕೋಣೆಯ ಮನೆ ಅಂದರೆ 900 ಚದರಡಿ ಇರಬೇಕು, ಮಹಡಿಯ ಮೇಲೊಂದು ಕೆಳಗೊಂದು ಶೌಚಾಲಯ ಇರಬೇಕು ಅಂತ ಹಟ ಹಿಡಿದ. ಬೇಗ ಬೇಗ ಜಾಸ್ತಿ ಮನೆ ಕಟ್ಟುವ ಭರದಲ್ಲಿ 1950ರ ದಶಕದಲ್ಲಿ ಈ ಅಳತೆಗಳನ್ನು ಇಳಿಸಿಬಿಟ್ಟರು. ಕೆಳಗಿನ ಆ ಶೌಚಾಲಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1970ರ ದಶಕದ ಕೊನೆಗೆ ಬ್ರಿಟನ್ನಿನ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕುಟುಂಬಗಳು ಕೌನ್ಸಿಲ್ ಮನೆಗಳಲ್ಲಿದ್ದವು. 1980ರಲ್ಲಿ ಗಾಳಿ ತಿರುಗಿತು. ಅದನ್ನು ಕೊನೆಗೆ ನೋಡೋಣ.

'ಅಫೋರ್ಡಬಲ್' ಅಂದರೆ ಯಾರಿಗೆ?

ಇಲ್ಲಿ ತುಂಬ ಜನ ಎಡವುತ್ತಾರೆ. ಇಂಗ್ಲೆಂಡಿನಲ್ಲಿ 'ಅಫೋರ್ಡಬಲ್' ಅನ್ನುವುದು ಒಂದು ದೊಡ್ಡ ಚೀಲ. ಅದರೊಳಗೆ ಬೇರೆ ಬೇರೆ ಬಗೆಯ ಮನೆಗಳಿವೆ. ಮುಖ್ಯವಾಗಿ ಎರಡನ್ನು ತಿಳಿದುಕೊಂಡರೆ ಸಾಕು.

ಮೊದಲನೆಯದು ಸೋಶಿಯಲ್ ರೆಂಟ್. ಇದರ ಬಾಡಿಗೆಗೆ ಸರ್ಕಾರದ ಒಂದು ಸೂತ್ರ ಇದೆ. ಆ ಪ್ರದೇಶದ ಜನರ ಗಳಿಕೆಗೆ ಅದರಲ್ಲಿ 70% ತೂಕ, ಮನೆಯ ಬೆಲೆಗೆ 30% ತೂಕ, ಜೊತೆಗೆ ಕೋಣೆ ಎಷ್ಟು ಅನ್ನುವುದೂ ಸೇರುತ್ತದೆ. ಅಂದರೆ ಲೆಕ್ಕ ಶುರುವಾಗುವುದೇ ಜನರ ಜೇಬಿನಿಂದ.

ಎರಡನೆಯದು ಅಫೋರ್ಡಬಲ್ ರೆಂಟ್, 2011ರಲ್ಲಿ ಬಂದದ್ದು. ಇಲ್ಲಿ ಮಾರುಕಟ್ಟೆ ಬಾಡಿಗೆಯ 80%ವರೆಗೆ ತೆಗೆದುಕೊಳ್ಳಬಹುದು. ಲೆಕ್ಕ ಶುರುವಾಗುವುದು ಮಾರುಕಟ್ಟೆಯಿಂದ.

ಸುಮ್ನೆ ಒಂದು ಉದಾಹರಣೆ ಇಟ್ಟುಕೊಳ್ಳಿ. ಒಂದು ಕಡೆ ಎರಡು ಕೋಣೆಯ ಮನೆಗೆ ಮಾರುಕಟ್ಟೆಯಲ್ಲಿ ತಿಂಗಳಿಗೆ 1,500 ಪೌಂಡ್ ಬಾಡಿಗೆ ಅಂತಿರಲಿ. ಅಫೋರ್ಡಬಲ್ ರೆಂಟ್ 1,200ರವರೆಗೆ ಹೋಗಬಹುದು. ಸೋಶಿಯಲ್ ರೆಂಟ್ ಮಾರುಕಟ್ಟೆಯ ಸುಮಾರು ಅರ್ಧ ಅಂತ ಹಿಡಿದರೆ 750. ಕೈಗೆ ತಿಂಗಳಿಗೆ 2,000 ಪೌಂಡ್ ಬರುವ ಒಬ್ಬ ಆರೈಕೆ ಕೆಲಸದವಳಿಗೆ ಅಫೋರ್ಡಬಲ್ ರೆಂಟ್‌ನಲ್ಲಿ ಉಳಿಯುವುದು 800, ಸೋಶಿಯಲ್ ರೆಂಟ್‌ನಲ್ಲಿ 1,250. ಎರಡನ್ನೂ ಕಾಗದದ ಮೇಲೆ 'ಅಫೋರ್ಡಬಲ್' ಅಂತಲೇ ಕರೆಯುತ್ತಾರೆ. ಮಾರುಕಟ್ಟೆ ಬಾಡಿಗೆ ಏರಿದರೆ ಹೊಸದಾಗಿ ಬಾಡಿಗೆಗೆ ಬರುವ ಅಫೋರ್ಡಬಲ್ ಮನೆಯ ದರವೂ ಅದರ ಬೆನ್ನು ಹಿಡಿದು ಏರುತ್ತದೆ, ಸೂತ್ರದ ಬಾಡಿಗೆ ಹಾಗೆ ಓಡುವುದಿಲ್ಲ. ಲಂಡನ್ನಿನಂಥ ಊರಲ್ಲಿ ಈ ವ್ಯತ್ಯಾಸ ತುಂಬ ದೊಡ್ಡದು, ಅದಕ್ಕೇ ಹೊಸ ಯೋಜನೆಯಲ್ಲಿ ಸೋಶಿಯಲ್ ರೆಂಟ್ ಎಷ್ಟು ಅಂತ ಅಷ್ಟು ಚರ್ಚೆ ಆಗಿದ್ದು.

ಇದಕ್ಕೂ ಸಮಾನತೆಗೂ ಏನು ಸಂಬಂಧ? ಕಡಿಮೆ ಸಂಬಳದ ಕೆಲಸಗಳಲ್ಲಿ, ಒಂಟಿಯಾಗಿ ಮಕ್ಕಳನ್ನು ಸಾಕುವವರಲ್ಲಿ ಹೆಂಗಸರು ಜಾಸ್ತಿ. ಅಂಗವೈಕಲ್ಯ ಇರುವವರಿಗೆ ಕೆಲಸ ಸಿಗುವುದೇ ಕಷ್ಟ, ಮೇಲಿಂದ ಖರ್ಚು ಹೆಚ್ಚು. ಹಾಗಾಗಿ ಬಾಡಿಗೆ ಸೂತ್ರದಲ್ಲಿ ಒಂದು ಅಂಕಿ ಬದಲಾದರೂ ಅದರ ಬಿಸಿ ಎಲ್ಲರಿಗೂ ಒಂದೇ ತರಹ ತಟ್ಟುವುದಿಲ್ಲ.

ಬೀಗದ ಕೈ ಯಾರಿಗೆ ಸಿಗುತ್ತದೆ?

ಇಂಗ್ಲೆಂಡಿನಲ್ಲಿ ಕಾಯುವ ಪಟ್ಟಿಗಳಲ್ಲಿ ಸುಮಾರು 13 ಲಕ್ಷ ಕುಟುಂಬಗಳಿವೆ. ಇದರ ಜೊತೆಗೆ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಕೌನ್ಸಿಲ್ ಕೊಟ್ಟ ತಾತ್ಕಾಲಿಕ ಜಾಗಗಳಲ್ಲಿವೆ. ಎಷ್ಟೋ ಸಲ ಹೋಟೆಲಿನ ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಮನೆ ಕಡಿಮೆ, ಕೈ ಚಾಚಿದವರು ಜಾಸ್ತಿ, ಹಾಗಾದರೆ ಯಾರಿಗೆ ಮೊದಲು?

ಮೊದಲು ಬಂದವರಿಗೆ ಮೊದಲು ಅನ್ನುವುದು ಇಲ್ಲಿ ನಡೆಯುವುದಿಲ್ಲ. ಆಸ್ಪತ್ರೆಯ ತುರ್ತು ವಿಭಾಗವನ್ನು ನೆನೆಸಿಕೊಳ್ಳಿ. ಕೆಮ್ಮು ಅಂತ ಬೆಳಿಗ್ಗೆಯೇ ಬಂದು ಕೂತವನಿಗಿಂತ ಈಗ ತಾನೇ ಎದೆನೋವು ಅಂತ ಬಂದವನನ್ನು ಒಳಗೆ ಕರೆಯುತ್ತಾರೆ. 1996ರ ವಸತಿ ಕಾಯ್ದೆಯೂ ಹೀಗೆಯೇ. ಮನೆಯಿಲ್ಲದವರು, ತೀರಾ ಇಕ್ಕಟ್ಟಿನಲ್ಲೋ ವಾಸಕ್ಕೆ ಯೋಗ್ಯವಲ್ಲದ ಕಡೆಯೋ ಇರುವವರು, ಕಾಯಿಲೆ ಅಥವಾ ಅಂಗವೈಕಲ್ಯದ ಕಾರಣಕ್ಕೆ ಮನೆ ಬದಲಿಸಲೇಬೇಕಾದವರು, ಇವರಿಗೆಲ್ಲ ಆದ್ಯತೆ ಕೊಡಲೇಬೇಕು. ಬಹಳಷ್ಟು ಕೌನ್ಸಿಲ್‌ಗಳು ಅರ್ಜಿದಾರರನ್ನು ಎ, ಬಿ, ಸಿ ಅಂತ ಬ್ಯಾಂಡ್‌ಗಳಾಗಿ ವಿಂಗಡಿಸುತ್ತವೆ. ಖಾಲಿ ಮನೆಗಳ ಪಟ್ಟಿ ಆನ್‌ಲೈನ್‌ನಲ್ಲಿ ಬರುತ್ತದೆ, ನಿಮಗೆ ಹೊಂದುವುದಕ್ಕೆ 'ಬಿಡ್' ಮಾಡಬೇಕು. ಬಿಡ್ ಅಂದ ತಕ್ಷಣ ಹರಾಜು ಅಂದುಕೊಳ್ಳಬೇಡಿ, ದುಡ್ಡಿನ ಮಾತೇ ಇಲ್ಲ. 'ಈ ಮನೆ ನನಗೆ ಬೇಕು' ಅಂತ ಕೈ ಎತ್ತುವುದು ಅಷ್ಟೇ.

(ಇದನ್ನು ಓದುತ್ತಿರುವ ಕೆಲವರ ಮನಸ್ಸಿನಲ್ಲಿರುವ ಪ್ರಶ್ನೆಗೆ ಇಲ್ಲೇ ಉತ್ತರ: ವಿದ್ಯಾರ್ಥಿ ವೀಸಾ, ಕೆಲಸದ ವೀಸಾದ ಮೇಲೆ ಹೋದವರಿಗೆ ಸಾಮಾನ್ಯವಾಗಿ ಈ ಪಟ್ಟಿಗೆ ಸೇರುವ ಹಕ್ಕಿಲ್ಲ. ಅವರ ವೀಸಾದಲ್ಲಿ ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ ಅನ್ನುವ ಷರತ್ತು ಇರುತ್ತದೆ.)

ಈಗ ಸಮಾನತೆಯ ಕಾನೂನಿಗೆ ಬರೋಣ. 2010ರ ಸಮಾನತೆ ಕಾಯ್ದೆ ಒಂಬತ್ತು ಗುಣಗಳನ್ನು ಪಟ್ಟಿ ಮಾಡಿದೆ: ವಯಸ್ಸು, ಅಂಗವೈಕಲ್ಯ, ಲಿಂಗ, ಲಿಂಗ ಬದಲಾವಣೆ, ಲೈಂಗಿಕ ಒಲವು, ಜನಾಂಗ, ಧರ್ಮ ಅಥವಾ ನಂಬಿಕೆ, ಮದುವೆ, ಬಸಿರು ಬಾಣಂತನ. ಇವುಗಳ ಕಾರಣಕ್ಕೆ ಭೇದ ಮಾಡುವಂತಿಲ್ಲ. ಜೊತೆಗೆ ಕೌನ್ಸಿಲ್‌ನಂಥ ಸಂಸ್ಥೆಗಳ ಮೇಲೆ ಇನ್ನೊಂದು ಹೊಣೆ ಇದೆ. ಯಾವುದೇ ತೀರ್ಮಾನ ಮಾಡುವ ಮುಂಚೆ ಅದರಿಂದ ಈ ಗುಂಪುಗಳಿಗೆ ಏನಾಗುತ್ತದೆ ಅಂತ ಯೋಚನೆ ಮಾಡಿರಲೇಬೇಕು. ಮನೆ ಎಲ್ಲಿ ಕಟ್ಟಬೇಕು, ಎಷ್ಟು ಕೋಣೆ, ಯಾರಿಗೆ ಕೊಡಬೇಕು, ಎಲ್ಲದಕ್ಕೂ ಇದು ಅನ್ವಯ.

ಎಲ್ಲರಿಗೂ ಒಂದೇ ನಿಯಮ ಮಾಡಿಬಿಟ್ಟರೆ ಸಮಾನತೆ ಆಯಿತಲ್ಲ ಅಂತ ಕೇಳಬಹುದು. ಕರೆಗಂಟೆಯನ್ನು ಆರಡಿ ಎತ್ತರದಲ್ಲಿ ಹಾಕಿ 'ಯಾರು ಬೇಕಾದರೂ ಒತ್ತಬಹುದು' ಅಂದ ಹಾಗೆ ಅದು. ಲಂಡನ್ನಿನ ಹಿಲಿಂಗ್‌ಡನ್ ಕೌನ್ಸಿಲ್ ಒಂದು ನಿಯಮ ಮಾಡಿತ್ತು, ಪಟ್ಟಿಗೆ ಸೇರಬೇಕಾದರೆ ಹತ್ತು ವರ್ಷ ಅಲ್ಲಿ ವಾಸವಾಗಿರಬೇಕು ಅಂತ. ಕೇಳಲು ಸರಿಯಾಗಿಯೇ ಇದೆ. ಆದರೆ ಊರಿಂದೂರಿಗೆ ತಿರುಗುವ ಐರಿಶ್ ಟ್ರಾವೆಲರ್ ಸಮುದಾಯದವರು, ಬೇರೆ ದೇಶದಿಂದ ಜೀವ ಉಳಿಸಿಕೊಂಡು ಬಂದ ನಿರಾಶ್ರಿತರು ಆ ಹತ್ತು ವರ್ಷ ಎಲ್ಲಿಂದ ತರಬೇಕು? 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಪರೋಕ್ಷ ಭೇದಭಾವ ಅಂತ ಹೇಳಿತು, ಕೌನ್ಸಿಲ್ ಅದಕ್ಕೆ ತಕ್ಕ ಸಮರ್ಥನೆ ಕೊಟ್ಟಿಲ್ಲ ಅಂತ ಕೂಡ. ನಿಯಮದಲ್ಲಿ ಯಾರ ಹೆಸರೂ ಇರಲಿಲ್ಲ, ಪೆಟ್ಟು ಮಾತ್ರ ಕೆಲವರಿಗೇ ಬೀಳುತ್ತಿತ್ತು.

ಬಾಗಿಲು ಎಷ್ಟು ಅಗಲ ಇದೆ?

ಮನೆ ಸಿಕ್ಕಿತು ಅಂದುಕೊಳ್ಳಿ. ಒಳಗೆ ಹೋಗಲು ಆಗಬೇಕಲ್ಲ? ಮೂರು ಮೆಟ್ಟಿಲು, ಎತ್ತರದ ಹೊಸ್ತಿಲು, ಇಕ್ಕಟ್ಟಾದ ಒಳದಾರಿ ಇದ್ದರೆ ವೀಲ್‌ಚೇರ್‌ನಲ್ಲಿ ಇರುವವರಿಗೆ ಅದು ಬೀಗ ಹಾಕಿದ ಮನೆಯೇ. ಬ್ರಿಟನ್ನಿನಲ್ಲಿ ಹಳೇ ಮನೆಗಳು ಜಾಸ್ತಿ. 2018ರ ಸರ್ಕಾರಿ ಸಮೀಕ್ಷೆ ನಾಲ್ಕು ಅಂಶ ನೋಡಿತು: ಮೆಟ್ಟಿಲಿಲ್ಲದ ದಾರಿ, ಎಡವದ ಹೊಸ್ತಿಲು, ಸಾಕಷ್ಟು ಅಗಲದ ಬಾಗಿಲು ಮತ್ತು ಓಡಾಡುವ ಜಾಗ, ಬಾಗಿಲಿರುವ ಅಂತಸ್ತಿನಲ್ಲೇ ಶೌಚಾಲಯ. ನಾಲ್ಕೂ ಇದ್ದದ್ದು ಇಂಗ್ಲೆಂಡಿನ ಬರೀ 9% ಮನೆಗಳಲ್ಲಿ.

1999ರಿಂದ ಹೊಸ ಮನೆಗಳಲ್ಲಿ ಪ್ರವೇಶದ ಅಂತಸ್ತಿನಲ್ಲಿ ಶೌಚಾಲಯ ಇರಬೇಕು ಅನ್ನುವ ನಿಯಮ ಬಂತು. ಬೆವನ್ ಕೇಳಿದ್ದ ಆ ಕೆಳಗಿನ ಶೌಚಾಲಯ ಅರ್ಧ ಶತಮಾನ ಕಳೆದು ವಾಪಸ್ಸು ಬಂತು, ಬೇರೆ ಕಾರಣಕ್ಕೆ!

ಇವತ್ತು ಇಂಗ್ಲೆಂಡಿನ ಕಟ್ಟಡ ನಿಯಮಗಳಲ್ಲಿ 'ಪಾರ್ಟ್ ಎಂ' ಅಂತ ಒಂದು ಭಾಗ ಇದೆ. ಅದರಲ್ಲಿ ಮೂರು ದರ್ಜೆ.

ಎಂ4(1) ಎಲ್ಲ ಹೊಸ ಮನೆಗೂ ಕಡ್ಡಾಯ. ಇದನ್ನು 'ಭೇಟಿಗೆ ಬರಬಹುದಾದ ಮನೆ' ಅನ್ನಬಹುದು. ವೀಲ್‌ಚೇರ್‌ನಲ್ಲಿ ಇರುವ ನೆಂಟರು ಬಂದರೆ ಬಾಗಿಲು ದಾಟಿ ಒಳಗೆ ಬರಬಹುದು. ಬಾಗಿಲು ತೆರೆದಾಗ ಸಿಗುವ ಜಾಗ ಕನಿಷ್ಠ 775 ಮಿಲಿಮೀಟರ್.

ಎಂ4(2) ಅಂದರೆ 'ಹೊಂದಿಸಿಕೊಳ್ಳಬಹುದಾದ ಮನೆ'. ಇದು ನನ್ನ ಪ್ರಕಾರ ಮೂರರಲ್ಲೂ ಜಾಣತನದ್ದು. ಮುಂಬಾಗಿಲು 850 ಮಿಲಿಮೀಟರ್, ಒಳಗೆ ಬರುವ ದಾರಿಯಲ್ಲಿ ಮೆಟ್ಟಿಲಿಲ್ಲ. ಸ್ನಾನದ ಮನೆಯ ಗೋಡೆಯನ್ನು ಮೊದಲೇ ಗಟ್ಟಿ ಮಾಡಿರುತ್ತಾರೆ, ಮುಂದೆ ಯಾವತ್ತಾದರೂ ಹಿಡಿಕೆ ಕಂಬಿ ಬೇಕಾದರೆ ಗೋಡೆ ಒಡೆಯದೆ ಹಾಕಬಹುದು. ಮಗುವಿಗೆ ಹೊಲಿಸುವ ಲಂಗಕ್ಕೆ ಮಡಿಕೆ ಬಿಟ್ಟು ಹೊಲಿಯುತ್ತಾರಲ್ಲ, ಬೆಳೆದಂತೆ ಬಿಚ್ಚಿಕೊಳ್ಳಲಿ ಅಂತ, ಅದೇ ಉಪಾಯ. ಇವತ್ತು ಗಟ್ಟಿಮುಟ್ಟಾಗಿರುವವರಿಗೂ ನಾಳೆ ಮಂಡಿ ಆಪರೇಷನ್ ಆಗಬಹುದು, ಅವಳಿ ಮಕ್ಕಳ ತಳ್ಳುಗಾಡಿ ಬರಬಹುದು, ವಯಸ್ಸಂತೂ ಆಗಿಯೇ ಆಗುತ್ತದೆ.

ಎಂ4(3) ವೀಲ್‌ಚೇರ್ ಬಳಸುವವರು ವಾಸ ಮಾಡಲೆಂದೇ ಮಾಡಿದ್ದು. ವೀಲ್‌ಚೇರ್ ಪೂರ್ತಿ ತಿರುಗಲು 1,500 ಮಿಲಿಮೀಟರ್ ಜಾಗ, ಕೂತೇ ಅಡುಗೆ ಮಾಡಬಹುದಾದ ಕಟ್ಟೆ, ಹೀಗೆ. ಇದರಲ್ಲೂ ಎರಡು ಬಗೆ, ಮುಂದೆ ಬೇಕಾದರೆ ಬದಲಿಸಬಹುದಾದ ಮನೆ ಮತ್ತು ಮೊದಲ ದಿನದಿಂದಲೇ ಸಿದ್ಧವಾಗಿರುವ ಮನೆ.

ಎರಡನೇ, ಮೂರನೇ ದರ್ಜೆ ತಾವಾಗಿಯೇ ಬರುವುದಿಲ್ಲ. ಸ್ಥಳೀಯ ಕೌನ್ಸಿಲ್ ತನ್ನ ಯೋಜನೆಯಲ್ಲಿ ಬೇಕು ಅಂತ ಬರೆದರೆ ಮಾತ್ರ. 2021ರ ಲಂಡನ್ ಯೋಜನೆ ಹೊಸ ಕಟ್ಟಡಗಳ ಮನೆಗಳಲ್ಲಿ ಕನಿಷ್ಠ 10% ಎಂ4(3), ಉಳಿದವೆಲ್ಲ ಎಂ4(2) ಆಗಿರಬೇಕು ಅನ್ನುತ್ತದೆ. ಇನ್ನೊಂದು ಸೂಕ್ಷ್ಮ ಇದೆ. ಮೊದಲ ದಿನದಿಂದಲೇ ಸಿದ್ಧವಾದ ವೀಲ್‌ಚೇರ್ ಮನೆಯನ್ನು ಕೌನ್ಸಿಲ್ ಕೇಳಬಹುದಾದದ್ದು, ಆ ಮನೆಗೆ ಯಾರು ಬರಬೇಕು ಅನ್ನುವುದು ಕೌನ್ಸಿಲ್ ಕೈಯಲ್ಲಿದ್ದಾಗ ಮಾತ್ರ. ಇದರಲ್ಲಿ ತರ್ಕ ಇದೆ. ಮಾರಾಟಕ್ಕಿಟ್ಟ ಮನೆಯನ್ನು ಯಾರು ಬೇಕಾದರೂ ಕೊಳ್ಳಬಹುದು, ತಗ್ಗಿಸಿದ ಅಡುಗೆ ಕಟ್ಟೆಯನ್ನು ಮರುದಿನವೇ ಕಿತ್ತು ಹಾಕಬಹುದು. ಕೌನ್ಸಿಲ್ ಬಾಡಿಗೆ ಮನೆಯಾದರೆ ಇಂಥವರಿಗೆ ಇಂಥ ಮನೆ ಅಂತ ಜೋಡಿಸಲು ಸಾಧ್ಯ. ಹಾಗಾಗಿಯೇ ಈ ವಿಷಯದಲ್ಲಿ ಕೌನ್ಸಿಲ್ ಮನೆಗಳಿಗೆ ಅಷ್ಟು ಮಹತ್ವ.

ಹಳೇ ಮನೆಯನ್ನೇ ಸರಿ ಮಾಡಿಸಬಾರದಾ? ಮಾಡಿಸಬಹುದು, ಅದಕ್ಕೆ ಇಂಗ್ಲೆಂಡಿನಲ್ಲಿ 30,000 ಪೌಂಡ್‌ವರೆಗೆ ಅನುದಾನ ಇದೆ. ಆದರೆ ಗೋಡೆಯೇ ಇಕ್ಕಟ್ಟಾಗಿದ್ದರೆ ಅನುದಾನ ಏನು ಮಾಡೀತು? ನಕ್ಷೆಯ ಮೇಲೆ ಬಾಗಿಲನ್ನು ಒಂದು ಗೇಣು ಅಗಲ ಮಾಡುವುದು ಪೆನ್ಸಿಲಿನ ಕೆಲಸ, ಕಟ್ಟಿದ ಮೇಲೆ ಅದೇ ಸುತ್ತಿಗೆಯ ಕೆಲಸ.

ಒಳಗೆ ಹೋಗುವುದಷ್ಟೇ ಅಲ್ಲ, ಹೊರಗೆ ಬರುವುದೂ ಮುಖ್ಯ. 2017ರ ಜೂನ್ 14ರಂದು ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿದ್ದು 72 ಜನ ಸತ್ತರು. ಆ ಕಟ್ಟಡದಲ್ಲಿದ್ದ 37 ಅಂಗವಿಕಲರಲ್ಲಿ 15 ಜನ ಉಳಿಯಲಿಲ್ಲ. ಅಪಾಯದ ಹೊತ್ತಿನಲ್ಲಿ ಇವರು ಹೇಗೆ ಇಳಿದು ಬರಬೇಕು ಅನ್ನುವ ಯೋಜನೆಯೇ ಅವರಿಗೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಎತ್ತರದ ಕಟ್ಟಡಗಳಲ್ಲಿ ಇಂಥವರನ್ನು ಗುರುತಿಸಿ, ಅವರ ಜೊತೆ ಕೂತು ಯೋಜನೆ ಮಾಡಬೇಕು ಅನ್ನುವ ನಿಯಮಗಳು 2025ರಲ್ಲಿ ಬಂದವು, ಜಾರಿಯ ದಿನ 2026ರ ಏಪ್ರಿಲ್ 6.

ಒಂದೇ ಗೇಟು, ಒಂದೇ ಅಂಗಳ

ಬ್ರಿಟನ್ನಿನಲ್ಲಿ ಖಾಸಗಿ ಬಿಲ್ಡರ್ ದೊಡ್ಡ ಯೋಜನೆ ಮಾಡುವಾಗ ಇಷ್ಟು ಅಫೋರ್ಡಬಲ್ ಮನೆ ಕೊಡಬೇಕು ಅಂತ ಕೌನ್ಸಿಲ್ ಒಪ್ಪಂದ ಮಾಡಿಕೊಳ್ಳುತ್ತದೆ. 1990ರ ಯೋಜನಾ ಕಾಯ್ದೆಯ 106ನೇ ಸೆಕ್ಷನ್ ಇದು. ಹೀಗೆ ಒಂದೇ ಆವರಣದಲ್ಲಿ ಸಿರಿವಂತರೂ ಕಡಿಮೆ ಆದಾಯದವರೂ ಇರುತ್ತಾರೆ. ಆದರೆ ಹೊಳೆಯುವ ಮುಂಬಾಗಿಲು ಕೊಂಡವರಿಗೆ, ಪಕ್ಕದ ಓಣಿಯ ಬಾಗಿಲು ಬಾಡಿಗೆಯವರಿಗೆ ಅಂತ ಕೆಲವು ಕಡೆ ಮಾಡಿದರು. 'ಬಡವರ ಬಾಗಿಲು' ಅಂತಲೇ ಅದಕ್ಕೆ ಹೆಸರು ಬಿತ್ತು. ಇನ್ನೊಂದು ಬದಿಯ ವಾದವನ್ನೂ ಹೇಳಬೇಕು: ದುಬಾರಿ ಲಾಬಿ, ಕಾವಲು, ಲಿಫ್ಟ್‌ಗಳ ಖರ್ಚು ಬಾಡಿಗೆಯವರ ತಲೆಗೆ ಬರದಿರಲಿ ಅಂತ ಬೇರೆ ಬಾಗಿಲು ಅನ್ನುತ್ತಾರೆ ಬಿಲ್ಡರ್‌ಗಳು. ಆದರೆ 2019ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಒಂದೇ ಆವರಣದ ಆಟದ ಜಾಗಕ್ಕೆ ಸೋಶಿಯಲ್ ಮನೆಗಳ ಮಕ್ಕಳು ಹೋಗಲಾರದ ಹಾಗೆ ಬೇಲಿ ಬೆಳೆಸಿದ್ದು ಸುದ್ದಿಯಾದಾಗ ಖರ್ಚಿನ ವಾದ ಯಾರಿಗೂ ರುಚಿಸಲಿಲ್ಲ. ಗದ್ದಲವಾದ ಮೇಲೆ ಮಕ್ಕಳಿಗೆ ದಾರಿ ಬಿಟ್ಟರು.

ಇದಕ್ಕೆ ಪರಿಹಾರವಾಗಿ ವಾಸ್ತುಶಿಲ್ಪಿಗಳು ಹೇಳುವುದು ಸರಳ. ಹೊರಗಿನಿಂದ ನೋಡಿದರೆ ಯಾವುದು ಕೌನ್ಸಿಲ್ ಮನೆ, ಯಾವುದು ಕೊಂಡ ಮನೆ ಅಂತ ಗೊತ್ತಾಗಬಾರದು. ಅದೇ ಇಟ್ಟಿಗೆ, ಅದೇ ಕಿಟಕಿ, ಅದೇ ಗೇಟು.

ಗೋಲ್ಡ್‌ಸ್ಮಿತ್ ಸ್ಟ್ರೀಟ್

ನಾರಿಚ್ ನಗರದ ಗೋಲ್ಡ್‌ಸ್ಮಿತ್ ಸ್ಟ್ರೀಟ್‌ನಲ್ಲಿ ಅಲ್ಲಿನ ಕೌನ್ಸಿಲ್ ಸುಮಾರು 100 ಮನೆ ಕಟ್ಟಿಸಿತು. 2019ರಲ್ಲಿ ಬ್ರಿಟನ್ನಿನ ಕಟ್ಟಡಗಳಿಗೆ ಸಿಗುವ ದೊಡ್ಡ ಗೌರವ, ಸ್ಟರ್ಲಿಂಗ್ ಪ್ರಶಸ್ತಿ, ಇದಕ್ಕೇ ಬಂತು. ಮ್ಯೂಸಿಯಂ, ದೊಡ್ಡ ಕಚೇರಿಗಳಿಗೆ ಹೋಗುತ್ತಿದ್ದ ಪ್ರಶಸ್ತಿ ಕೌನ್ಸಿಲ್ ಮನೆಗಳಿಗೆ! ಅಲ್ಲಿ ಗೋಪುರಗಳಿಲ್ಲ, ಕತ್ತಲೆಯ ಓಣಿಗಳಿಲ್ಲ. ಮೇಲಿನ ಫ್ಲಾಟಿನವರಿಗೂ ಬೀದಿಗೆ ತೆರೆಯುವ ಸ್ವಂತ ಮುಂಬಾಗಿಲು ಇದೆ. ಮನೆಗಳ ಹಿಂದೆ ಮಕ್ಕಳು ಆಡಲು ಎಲ್ಲರಿಗೂ ಸೇರಿದ ಓಣಿ. ಕಾರುಗಳನ್ನು ಅಂಚಿಗೆ ತಳ್ಳಿದ್ದಾರೆ.

ಇನ್ನೊಂದು ಸಂಗತಿ, ಇವು ಪಾಸಿವ್‌ಹೌಸ್ ಮಾದರಿಯವು. ಗೋಡೆ, ಕಿಟಕಿಗಳಿಂದ ಬಿಸಿ ಸೋರದ ಹಾಗೆ ಕಟ್ಟುವ ವಿಧಾನ ಅದು, ದಪ್ಪ ಕಂಬಳಿ ಹೊದಿಸಿದ ಹಾಗೆ. ಕಾಗದ ಹಾಕುವ ಸೀಳಿನಿಂದ ಕೂಡ ತಣ್ಣನೆ ಗಾಳಿ ನುಗ್ಗಬಾರದು ಅಂತ ಅಂಚೆ ಪೆಟ್ಟಿಗೆಯನ್ನೇ ಬಾಗಿಲಿಂದ ತೆಗೆದು ಹೊರಗಿನ ಜಗುಲಿಯಲ್ಲಿಟ್ಟಿದ್ದಾರೆ. ಬ್ರಿಟನ್ನಿನ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಖರ್ಚು ಬಡವರಿಗೆ ದೊಡ್ಡ ಪೆಟ್ಟು. ಬಾಡಿಗೆ ಕಮ್ಮಿ ಇದ್ದು ಕರೆಂಟು ಗ್ಯಾಸ್ ಬಿಲ್ಲು ಮುರಿದು ಹಾಕಿದರೆ ಆ ಬಾಡಿಗೆಯಿಂದ ಏನು ಬಂತು?

ತೂತು ಬಿದ್ದ ಕೊಡ

1980ಕ್ಕೆ ವಾಪಸ್ಸು ಬರೋಣ. ಮಾರ್ಗರೆಟ್ ಥ್ಯಾಚರ್ ಸರ್ಕಾರ 'ರೈಟ್ ಟು ಬೈ' ತಂದಿತು, ಅಂದರೆ ಕೌನ್ಸಿಲ್ ಮನೆಯ ಬಾಡಿಗೆದಾರರು ದೊಡ್ಡ ರಿಯಾಯಿತಿಯಲ್ಲಿ ಅದೇ ಮನೆ ಕೊಳ್ಳುವ ಹಕ್ಕು. ಲಕ್ಷಾಂತರ ಸಾಮಾನ್ಯ ಜನ ಜೀವನದಲ್ಲಿ ಮೊದಲ ಸಲ ಸ್ವಂತ ಮನೆಯವರಾದರು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಹೀಗೆ ಹೋದ ಮನೆಗಳು ಹತ್ತಿರ ಹತ್ತಿರ 20 ಲಕ್ಷ, ಬದಲಿಗೆ ಅಷ್ಟು ಮನೆ ಬರಲಿಲ್ಲ. ಮಾರಿದ ಹಣ ಪೂರ್ತಿ ಕೌನ್ಸಿಲ್ ಕೈಗೆ ಸಿಗುತ್ತಿರಲಿಲ್ಲ, ಸಾಲ ತೆಗೆಯುವುದಕ್ಕೂ ಮಿತಿ ಇತ್ತು. ಆ ಸಾಲದ ಮಿತಿ ತೆಗೆದದ್ದು 2018ರಲ್ಲಿ. ಮಾರಿದ ಮನೆಗಳಲ್ಲಿ ಎಷ್ಟೋ ಕೈ ಬದಲಾಗಿ ಖಾಸಗಿ ಬಾಡಿಗೆಗೆ ಹೋದವು. ಮನೆಯಿಲ್ಲದ ಕುಟುಂಬಗಳನ್ನು ಇಡಲು ಕೆಲವು ಕೌನ್ಸಿಲ್‌ಗಳು ತಾವೇ ಹಿಂದೆ ಕಟ್ಟಿದ್ದ ಮನೆಯನ್ನು ಮಾರುಕಟ್ಟೆ ಬಾಡಿಗೆ ಕೊಟ್ಟು ಹಿಡಿಯಬೇಕಾಗಿ ಬಂದದ್ದೂ ಉಂಟು.

ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಹಕ್ಕನ್ನು ಕೊನೆಗೊಳಿಸಿದವು. ಇಂಗ್ಲೆಂಡ್ ಇಟ್ಟುಕೊಂಡಿದೆ, ಆದರೆ 2024ರ ನವೆಂಬರ್‌ನಲ್ಲಿ ರಿಯಾಯಿತಿಯ ಮಿತಿಯನ್ನು ಇಳಿಸಿತು, ಈಗ ಅದು ಪ್ರದೇಶ ನೋಡಿ 16,000 ಮತ್ತು 38,000 ಪೌಂಡ್‌ಗಳ ನಡುವೆ ಇರುತ್ತದೆ. ಹೊಸದಾಗಿ ಕಟ್ಟಿದ ಸೋಶಿಯಲ್ ಮನೆಗಳಿಗೆ 35 ವರ್ಷ ಈ ಹಕ್ಕು ಇರಬಾರದು ಅಂತ ಸರ್ಕಾರ 2025ರ ಜುಲೈನಲ್ಲಿ ಹೇಳಿತು. 35 ವರ್ಷದಲ್ಲಿ ಒಂದು ಮನೆ ಮೂರ್ನಾಲ್ಕು ಸಂಸಾರಗಳನ್ನಾದರೂ ನೋಡೀತು. ಮೊದಲು ಬಂದವರಿಗೆ ಆ 850 ಮಿಲಿಮೀಟರ್ ಬಾಗಿಲಿನ ಅಗಲ ಗಮನಕ್ಕೇ ಬರಲಿಕ್ಕಿಲ್ಲ. ಮೂರನೆಯವರು ಬರುವಾಗ ಅಜ್ಜಿಯ ವೀಲ್‌ಚೇರನ್ನೂ ತರಬಹುದು.